ಎಚ್ಚರದಿಂದ ನೇರವಾಗಿ ಕನಸಿನೊಳಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಲಗಿ, ಎಚ್ಚರ ಒಂದು ಕ್ಷಣವೂ ತಪ್ಪದೆ, ಹಾಗೇ ಕನಸಿನೊಳಗೆ ನಡೆದುಬಿಡಬಹುದು ಅಂತಾರಲ್ಲ, ನಿಜವಾ? ನಿಜ. ಕಷ್ಟವಾ? ಸ್ವಲ್ಪ. ಹೆಚ್ಚಿನವರು ಇದರಲ್ಲಿ ಸೋಲುವುದಕ್ಕೆ ಎರಡು ಕಾರಣ: ಹೊತ್ತಲ್ಲದ ಹೊತ್ತಿನಲ್ಲಿ ಶುರು ಮಾಡುತ್ತಾರೆ, ಶುರು ಮಾಡಿದ ಮೇಲೆ ಅತಿಯಾಗಿ ಒದ್ದಾಡುತ್ತಾರೆ. ಈ ಎರಡು ಮಾತು ಕೆಳಗೆ ಮತ್ತೆ ಮತ್ತೆ ಬರುತ್ತವೆ, ಬೇಸರ ಮಾಡಿಕೊಳ್ಳಬೇಡಿ.

ಇದು ಮಾಮೂಲಿ ಲೂಸಿಡ್ ಡ್ರೀಮ್‌ಗಿಂತ ಹೇಗೆ ಬೇರೆ?

ಕನಸು ಕಾಣುತ್ತಿರುವಾಗಲೇ ಇದು ಕನಸು ಎಂದು ಗೊತ್ತಾದರೆ ಅದು ಲೂಸಿಡ್ ಡ್ರೀಮ್, ಅರಿವಿನ ಕನಸು. ಸಾಮಾನ್ಯವಾಗಿ ಆ ಅರಿವು ಬರುವುದು ಕನಸಿನ ನಡುವೆ. ತೀರಿಹೋದ ಅಜ್ಜಿ ಅಡುಗೆಮನೆಯಲ್ಲಿ ಕೂತು ರೊಟ್ಟಿ ತಟ್ಟುತ್ತಿರುತ್ತಾರೆ. ನೀವು ತುಪ್ಪ ಹಾಕಿಸಿಕೊಂಡು ತಿನ್ನುತ್ತಲೂ ಇರುತ್ತೀರಿ. ಆಮೇಲೆ ಎಲ್ಲೋ ಹೊಳೆಯುತ್ತದೆ, "ಅರೆ, ಅಜ್ಜಿ ಈಗ ಇಲ್ಲವಲ್ಲ!" ಅಲ್ಲಿಂದ ಮುಂದಿನದು ಅರಿವಿನ ಕನಸು.

ನೇರ ದಾರಿಯಲ್ಲಿ ಆ ಹೊಳೆಯುವ ಕ್ಷಣವೇ ಇಲ್ಲ. ಹಾಸಿಗೆಯ ಮೇಲೆ ಕಣ್ಣು ಮುಚ್ಚಿದಾಗ ಇದ್ದ ಅರಿವು ಜೊಂಪಿನಲ್ಲೂ ಉಳಿದು, ಕನಸಿನ ಅಂಗಳದಲ್ಲಿ ನಿಂತಾಗಲೂ ಇರುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಬರ್ಜ್ ತಂಡದವರು ಈ ಎರಡನ್ನೂ ಬೇರೆ ಬೇರೆಯಾಗಿ ಗುರುತಿಸಿದರು. ಎಚ್ಚರದಿಂದ ಶುರುವಾಗುವುದಕ್ಕೆ ಇಂಗ್ಲಿಷ್ ಮೊದಲಕ್ಷರಗಳನ್ನು ಸೇರಿಸಿ "ವೈಲ್ಡ್" ಎನ್ನುತ್ತಾರೆ. ಅವರ ಪ್ರಯೋಗಾಲಯದಲ್ಲಿ 13 ಜನರಿಂದ ದಾಖಲಾದ 76 ಅರಿವಿನ ಕನಸುಗಳಲ್ಲಿ 72% ಅಜ್ಜಿಯ ಥರದವು, 28% ನೇರ ದಾರಿಯವು. ಪಳಗಿದವರಲ್ಲೂ ನೇರ ದಾರಿಯೇ ಕಡಿಮೆ. ಇದನ್ನು ಮೊದಲೇ ತಿಳಿದಿದ್ದರೆ ಒಳ್ಳೆಯದು.

ಇದಕ್ಕೆಲ್ಲ ಪುರಾವೆ ಇದೆಯಾ, ಅಥವಾ ಸುಮ್ನೆ ಕಥೆಯಾ?

ಇದೆ. ಕನಸು ಬೀಳುವ ನಿದ್ದೆಯಲ್ಲಿ, ಅಂದರೆ ಆರ್‌ಇಎಂ ನಿದ್ದೆಯಲ್ಲಿ, ಮೈಯ ಸ್ನಾಯುಗಳು ಸಡಿಲಬಿದ್ದು ಕೆಲಸ ನಿಲ್ಲಿಸಿರುತ್ತವೆ. ಉಸಿರಾಟದ ವಪೆ ಮತ್ತು ಕಣ್ಣಿನ ಸ್ನಾಯುಗಳಿಗೆ ಮಾತ್ರ ವಿನಾಯಿತಿ. ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದ ಕೀತ್ ಹರ್ನ್ ಇದನ್ನೇ ಉಪಯೋಗಿಸಿಕೊಂಡರು. 1975ರ ಏಪ್ರಿಲ್‌ನಲ್ಲಿ ಆಲನ್ ವರ್ಸ್ಲಿ ಎಂಬುವರು ಆರ್‌ಇಎಂ ನಿದ್ದೆಯಲ್ಲಿದ್ದು, ಕನಸಿನೊಳಗಿಂದಲೇ ಮೊದಲೇ ಮಾತಾಡಿಕೊಂಡಂತೆ ಕಣ್ಣನ್ನು ಎಡಕ್ಕೆ ಬಲಕ್ಕೆ ಆಡಿಸಿದರು. ಯಂತ್ರದ ಕಾಗದದ ಮೇಲೆ ಆ ಗೀಟುಗಳು ಮೂಡಿದವು. ಇದನ್ನು ತಿಳಿಯದೆಯೇ ಲಬರ್ಜ್ ಸ್ವಲ್ಪ ಕಾಲದ ನಂತರ ತಾವೂ ಇದೇ ಉಪಾಯ ಮಾಡಿ 1981ರಲ್ಲಿ ಪ್ರಕಟಿಸಿದರು.

2021ರಲ್ಲಿ ಇನ್ನೂ ಮುಂದೆ ಹೋದರು. ಅಮೆರಿಕ, ಫ್ರಾನ್ಸ್, ಜರ್ಮನಿ, ನೆದರ್ಲೆಂಡ್ಸ್‌ನ ತಂಡಗಳು 36 ಜನರ ಮೇಲೆ ಪ್ರಯೋಗ ಮಾಡಿದವು. ಮಲಗಿದ್ದವರಿಗೆ ಹೊರಗಿನಿಂದ "8ರಲ್ಲಿ 6 ಕಳೆದರೆ ಎಷ್ಟು?" ಎಂಬಂಥ ಲೆಕ್ಕ ಕೇಳಿದರು. ಕೆಲವರು ಕನಸಿನಿಂದಲೇ ಕಣ್ಣಾಡಿಸಿ ಸರಿಯುತ್ತರ ಕೊಟ್ಟರು. ಎಲ್ಲರೂ ಅಲ್ಲ, ಎಲ್ಲ ಸಲವೂ ಅಲ್ಲ. ಹೆಚ್ಚಿನ ಸಲ ಉತ್ತರವೇ ಬರಲಿಲ್ಲ. ಆದರೂ ಕನಸಿನಲ್ಲಿ ಕೂತು ಲೆಕ್ಕ ಮಾಡುವುದು ಅಂದರೆ ಸುಮ್ನೆ ಮಾತಾ!

ನಮ್ಮ ಹಳೆಯ ಗ್ರಂಥಗಳಲ್ಲಿ ಇದು ಇದೆಯಂತೆ?

ಎಲ್ಲದಕ್ಕೂ "ನಮ್ಮಲ್ಲಿ ಆಗಲೇ ಇತ್ತು" ಅನ್ನುವ ಚಾಳಿ ನನಗಿಷ್ಟವಿಲ್ಲ. ಆದರೆ ಈ ವಿಷಯದಲ್ಲಿ ಒಂದು ಸಾಲು ನಿಜಕ್ಕೂ ಬೆರಗು ಹುಟ್ಟಿಸುತ್ತದೆ. ಕಾಶ್ಮೀರ ಶೈವರ ವಿಜ್ಞಾನಭೈರವದಲ್ಲಿ "ಅನಾಗತಾಯಾಂ ನಿದ್ರಾಯಾಂ ಪ್ರಣಷ್ಟೇ ಬಾಹ್ಯಗೋಚರೇ" ಎಂದು ಒಂದು ಶ್ಲೋಕ ಶುರುವಾಗುತ್ತದೆ. ನಿದ್ದೆ ಇನ್ನೂ ಬಂದಿಲ್ಲ, ಹೊರಗಿನದು ಮಾತ್ರ ಮರೆಯಾಗಿದೆ. ಆ ಸ್ಥಿತಿಯಲ್ಲಿ ಮನಸ್ಸನ್ನು ನಿಲ್ಲಿಸು ಎನ್ನುತ್ತದೆ. ನಾವು ಮಾತಾಡುತ್ತಿರುವ ಹೊಸ್ತಿಲು ಅದೇ. ಉದ್ದೇಶ ಮಾತ್ರ ಬೇರೆ. ಅಲ್ಲಿ ಕನಸಿನಲ್ಲಿ ಹಾರಾಡುವ ಆಸೆ ಇಲ್ಲ, ಆ ಹೊಸ್ತಿಲಲ್ಲಿ ದೇವಿ ಬೆಳಗುತ್ತಾಳೆ ಎಂಬ ನಂಬಿಕೆ.

ಟಿಬೆಟನ್ ಬೌದ್ಧರಲ್ಲಿ ಕನಸಿನ ಯೋಗವನ್ನು ಮಿಲಮ್ ಎನ್ನುತ್ತಾರೆ. ಭಾರತದ ಬೌದ್ಧ ಗುರು ನಾರೋಪನ ಹೆಸರಿನಲ್ಲಿ ಬಂದ ಆರು ಸಾಧನೆಗಳಲ್ಲಿ ಅದೂ ಒಂದು. ಮಲಗುವಾಗ ಗಂಟಲಿನ ಜಾಗದಲ್ಲಿ ಒಂದು ಅಕ್ಷರವನ್ನು ಕಲ್ಪಿಸಿಕೊಂಡು ನಿದ್ದೆಗೆ ಜಾರುವುದು ಅದರ ಒಂದು ಕ್ರಮ. ಕುಶಾಲನಗರದ ಪಕ್ಕದ ಬೈಲಕುಪ್ಪೆಗೆ ಹೋದಾಗ ಚಿನ್ನದ ಬುದ್ಧರ ಮುಂದೆ ಫೋಟೋ ತೆಗೆಸಿಕೊಂಡು ಬರುತ್ತೇವಲ್ಲ, ಆ ಮಠಗಳ ಪರಂಪರೆಯಲ್ಲಿ ಇದು ಗುರುವಿನಿಂದ ಶಿಷ್ಯನಿಗೆ ಬರುವ ವಿದ್ಯೆ.

ಯೋಗನಿದ್ರಾ ಕ್ಲಾಸಿನಲ್ಲಿ ಮಾಡಿಸುವುದು ಇದಲ್ಲ. ಆದರೆ ಅದು ಬಂದವರಿಗೆ ಇದು ಬೇಗ ಹಿಡಿತಕ್ಕೆ ಸಿಗುತ್ತದೆ.

ರಾತ್ರಿ ಮಲಗಿದ ಕೂಡಲೇ ಮಾಡಬಹುದಾ?

ಬೇಡ. ಮಾಡಿದರೂ ಆಗುವುದು ಅಪರೂಪ.

ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ನಡೆಯುತ್ತದೆ. ಮಲಗಿದ ಮೊದಲ ಸುತ್ತುಗಳಲ್ಲಿ ಗಾಢನಿದ್ದೆ ಜಾಸ್ತಿ. ಮೊದಲ ಆರ್‌ಇಎಂ ಬರಲು ಒಂದೂವರೆ ಗಂಟೆಯಷ್ಟು ಬೇಕು, ಬಂದರೂ ಕೆಲವೇ ನಿಮಿಷ ಇದ್ದು ಹೋಗುತ್ತದೆ. ಹತ್ತೂವರೆಗೆ ಮಲಗಿ ಅರಿವನ್ನು ಹಿಡಿದಿಟ್ಟುಕೊಳ್ಳಬೇಕು ಅಂದರೆ ಅಷ್ಟೂ ಹೊತ್ತು, ಅದೂ ಗಾಢನಿದ್ದೆಯ ಮೂಲಕ, ಹಿಡಿದಿಟ್ಟುಕೊಳ್ಳಬೇಕು. ಯಾರಿಂದಾದೀತು?

ಬೆಳಗಿನ ಜಾವದ ಕಥೆಯೇ ಬೇರೆ. ಗಾಢನಿದ್ದೆಯ ಬಾಕಿ ತೀರಿರುತ್ತದೆ. ಆರ್‌ಇಎಂ ಸುತ್ತುಗಳು ಉದ್ದವಾಗಿ, ಅರ್ಧ ಗಂಟೆ ಅಥವಾ ಅದಕ್ಕೂ ಜಾಸ್ತಿ ಇರುತ್ತವೆ. ನಾಲ್ಕೂವರೆಗೆ ಎದ್ದು ಮತ್ತೆ ಮಲಗಿದರೆ ಕೆಲವೇ ನಿಮಿಷಗಳಲ್ಲಿ ಕನಸಿನ ನಿದ್ದೆ ಹತ್ತಬಹುದು. ಈಗ ದಾಟಬೇಕಾದ ದೂರ ಬಹಳ ಕಡಿಮೆ. ಲೂಸಿಡ್ ಡ್ರೀಮ್ ಎಂಬ ಹೆಸರನ್ನು 1913ರಲ್ಲಿ ಚಾಲ್ತಿಗೆ ತಂದ ಡಚ್ ವೈದ್ಯ ಫ್ರೆಡರಿಕ್ ಫಾನ್ ಏಡನ್ ತಮ್ಮ 352 ಅರಿವಿನ ಕನಸುಗಳನ್ನು ಬರೆದಿಟ್ಟಿದ್ದರು. ಅವೆಲ್ಲ ಬಿದ್ದದ್ದು ಬೆಳಗ್ಗೆ 5ರಿಂದ 8ರ ನಡುವೆ ಎಂದು ಅವರೇ ಹೇಳಿದ್ದಾರೆ. ಆರ್‌ಇಎಂ ನಿದ್ದೆ ಪತ್ತೆಯಾದದ್ದು 1953ರಲ್ಲಿ. ಅದಕ್ಕೆ ಎಷ್ಟೋ ಮೊದಲೇ ಅವರಿಗೆ ಸರಿಯಾದ ಹೊತ್ತು ಸಿಕ್ಕಿತ್ತು.

ಸರಿ, ಹೇಗೆ ಮಾಡಬೇಕು ಹೇಳಿ.

ರಾತ್ರಿ ಎಂದಿನಂತೆ ಊಟ ಮಾಡಿ, ಎಂದಿನ ಹೊತ್ತಿಗೆ ಮಲಗಿ. ಮರುದಿನ ತಡವಾಗಿ ಎದ್ದರೂ ನಡೆಯುವಂತಿರಬೇಕು, ಹಾಗಾಗಿ ಭಾನುವಾರ ಒಳ್ಳೆಯದು. ಐದಾರು ಗಂಟೆಯಷ್ಟು ನಿದ್ದೆಯಾದ ಮೇಲೆ ಏಳಿ. ಅಲಾರಂ ಇಡಬಹುದು. ತಾನಾಗೇ ಎಚ್ಚರವಾಗುವವರಾದರೆ ಇನ್ನೂ ಒಳ್ಳೆಯದು, ಏಕೆಂದರೆ ಎಷ್ಟೋ ಸಲ ತಾನಾಗೇ ಎಚ್ಚರವಾಗುವುದು ಕನಸು ಮುಗಿದ ಕೂಡಲೇ.

ಎದ್ದ ತಕ್ಷಣ ಈಗಷ್ಟೇ ಬಿದ್ದ ಕನಸು ನೆನಪಿದ್ದರೆ ಅದನ್ನು ಒಂದೆರಡು ಸಾಲು ಗೀಚಿ. ಬಚ್ಚಲಿಗೆ ಹೋಗಿ ಬನ್ನಿ, ಗುಟುಕು ನೀರು ಕುಡಿಯಿರಿ. ದೊಡ್ಡ ಲೈಟ್ ಹಾಕಬೇಡಿ. ಫೋನ್ ಮುಟ್ಟಬೇಡಿ. ವಾಟ್ಸಾಪ್‌ನಲ್ಲಿ ಮನೆಯವರ ಗ್ರೂಪ್ ತೆರೆದಿರೋ, ಅವತ್ತಿನ ಕಥೆ ಮುಗಿಯಿತು. ಎಷ್ಟು ಹೊತ್ತು ಎದ್ದಿರಬೇಕು ಎನ್ನುವುದು ಆಳಿಗೊಂದು ಥರ. ದಿಂಬಿಗೆ ತಲೆ ಕೊಟ್ಟರೆ ಗೊರಕೆ ಹೊಡೆಯುವವರಿಗೆ ಅರ್ಧ ಗಂಟೆ ಬೇಕು. ನಿದ್ದೆ ಸುಲಭವಾಗಿ ಬರದವರಿಗೆ ಐದು ನಿಮಿಷ ಸಾಕು.

ಈಗ ಮತ್ತೆ ಮಲಗಿ. ಅಂಗಾತವೇ ಮಲಗಬೇಕು ಎಂದೇನೂ ಇಲ್ಲ. ಅಂಗಾತ ಮಲಗಿದರೆ ಅರಿವು ಉಳಿಯುವುದು ಸುಲಭ, ನಿದ್ದೆ ಬರುವುದು ಕಷ್ಟ. ಮಗ್ಗುಲಾದರೆ ತಿರುಗುಮುರುಗು. ನಾನು ಮಗ್ಗುಲಾಗಿಯೇ ಮಲಗುವವನು. ಕಾಲಿನ ಬೆರಳಿಂದ ಶುರು ಮಾಡಿ ಮೈಯನ್ನು ಒಂದೊಂದಾಗಿ ಸಡಿಲ ಬಿಡಿ. ಶವಾಸನದಲ್ಲಿ ಮಾಡಿಸುತ್ತಾರಲ್ಲ, ಅದೇ. ಲಬರ್ಜ್ ತಮ್ಮ ಶಿಷ್ಯರಿಗೆ ಕಲಿಸಿದ್ದೂ ಯೋಗಗುರು ಸ್ವಾಮಿ ರಾಮ ಅವರಿಂದ ಬಂದ, ಮೈಯ 61 ಬಿಂದುಗಳಿಗೆ ಒಂದೊಂದಾಗಿ ಗಮನ ಕೊಡುವ ಕ್ರಮವನ್ನೇ. ಹುಬ್ಬಿನ ನಡುವಿನಿಂದ ಹೊರಟು ಮೈಯೆಲ್ಲ ಸುತ್ತಿ ಅಲ್ಲಿಗೇ ವಾಪಸು.

ಇಲ್ಲಿಂದ ಮುಂದೆ ಮನಸ್ಸಿಗೆ ಒಂದು ಸಣ್ಣ ಕೆಲಸ ಕೊಡಬೇಕು. ತೀರಾ ಸಣ್ಣದು. "ಒಂದು, ನಾನು ಕನಸಿನಲ್ಲಿದ್ದೇನೆ. ಎರಡು, ನಾನು ಕನಸಿನಲ್ಲಿದ್ದೇನೆ" ಎಂದು ಒಳಗೇ ಎಣಿಸಬಹುದು. ಇಲ್ಲವೇ ಉಸಿರನ್ನು ನೋಡುತ್ತಾ ಇರಬಹುದು. ಇಲ್ಲವೇ ಗೊತ್ತಿರುವ ಮನೆಯೊಂದರಲ್ಲಿ ನಡೆದಾಡಿದಂತೆ ಕಲ್ಪಿಸಿಕೊಳ್ಳಬಹುದು: ಚಪ್ಪಲಿ ಬಿಟ್ಟೆ, ಬಾಗಿಲು ತಳ್ಳಿದೆ, ಕಾಲಿಗೆ ರೆಡ್ ಆಕ್ಸೈಡ್ ನೆಲದ ತಂಪು ತಗುಲಿತು. ಹಾರ್ಮೋನಿಯಂ ಗೊತ್ತಿದ್ದವರು ಎರಡು ಬೆರಳಲ್ಲಿ ಎರಡು ಮನೆಗಳನ್ನು ಒತ್ತುತ್ತಿರುವಂತೆ, ಬೆರಳು ನಿಜವಾಗಿ ಕದಲಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ ಆಡಿಸುತ್ತಾ ಇರಬಹುದು.

ಎಣಿಕೆ ತಪ್ಪುತ್ತದೆ. ಹದಿನಾಲ್ಕರ ನಂತರ "ಹದಿನೈದು, ಗ್ಯಾಸ್ ಸಿಲಿಂಡರ್ ಮಾವಿನಕಾಯಿ" ಎಂಬಂಥ ಅಸಂಬದ್ಧ ಬರುತ್ತದೆ. ಗಾಬರಿ ಬೇಡ, ಅದು ಒಳ್ಳೆಯ ಲಕ್ಷಣ, ಜೊಂಪು ಹತ್ತುತ್ತಿದೆ. ಬೈದುಕೊಳ್ಳದೆ ಮತ್ತೆ ಒಂದರಿಂದ ಶುರು ಮಾಡಿ. ಹಾಗೇ ಬಿದ್ದು ಎದ್ದು ಹೋಗುತ್ತಾ ಯಾವುದೋ ಒಂದು ಹೊತ್ತಿನಲ್ಲಿ ಕಣ್ಣ ಮುಂದಿನ ಕತ್ತಲೆಗೆ ಆಳ ಬರುತ್ತದೆ.

ಆಗ ಏನೆಲ್ಲ ಕಾಣುತ್ತದೆ, ಕೇಳುತ್ತದೆ?

ಮೊದಲು ಬಣ್ಣದ ಮಚ್ಚೆ, ರಂಗೋಲಿಯ ಹಾಗೆ ಗೆರೆಗಳು. ಆಮೇಲೆ ಮುಖಗಳು, ಬೀದಿಯ ತುಣುಕು, ಯಾರದೋ ಕೈ. ಎಷ್ಟೋ ಸಲ ಹಗಲಿಡೀ ಮಾಡಿದ ಕೆಲಸವೇ ಕಾಣುತ್ತದೆ. ಅಡಿಕೆ ಸುಲಿದವರಿಗೆ ಅಡಿಕೆ, ಎಕ್ಸೆಲ್ ನೋಡಿದವರಿಗೆ ಎಕ್ಸೆಲ್. ಹಾರ್ವರ್ಡ್‌ನ ರಾಬರ್ಟ್ ಸ್ಟಿಕ್‌ಗೋಲ್ಡ್ 2000ದಲ್ಲಿ ಜನರಿಗೆ ಮೇಲಿಂದ ಬೀಳುವ ಇಟ್ಟಿಗೆ ಜೋಡಿಸುವ ಟೆಟ್ರಿಸ್ ಎಂಬ ಕಂಪ್ಯೂಟರ್ ಆಟ ಆಡಿಸಿ, ಅವರಿಗೆ ನಿದ್ದೆ ಹತ್ತುತ್ತಿರುವಾಗ ಏನು ಕಾಣುತ್ತಿದೆ ಎಂದು ಕೇಳಿದರು. ಬೀಳುವ ಇಟ್ಟಿಗೆಗಳು ಕಾಣುತ್ತಿವೆ ಎಂದರು. ಹೊಸ ನೆನಪು ನಿಲ್ಲದ ರೋಗಿಗಳೂ ಅದರಲ್ಲಿದ್ದರು. ಆಟ ಆಡಿದ್ದೇ ಅವರಿಗೆ ನೆನಪಿಲ್ಲ, ಆದರೂ ಕೆಲವರಿಗೆ ಇಟ್ಟಿಗೆ ಕಂಡಿತು.

ಕಿವಿಗೆ ಗುಂಯ್ ಎಂಬ ಸದ್ದು, ಯಾರೋ ಹೆಸರು ಹಿಡಿದು ಕರೆದಂತೆ, ಪಾತ್ರೆ ಬಿದ್ದಂತೆ. ಮೈಯಲ್ಲಿ ಝುಮ್ ಎಂಬ ಕಂಪನ, ತೇಲಿದಂತೆ, ಮಂಚ ವಾಲಿದಂತೆ. ಎತ್ತರದಿಂದ ಬಿದ್ದ ಹಾಗೆ ಮೈ ಒಮ್ಮೆ ಧಡಕ್ ಎನ್ನುವುದೂ ಉಂಟು. ಎಲ್ಲವೂ ಬರಬೇಕೆಂದಿಲ್ಲ. ಕೆಲವರಿಗೆ ಏನೂ ಬರದೆ ಸೀದಾ ಕನಸು ಶುರುವಾಗುತ್ತದೆ.

ಚಿತ್ರಗಳನ್ನು ದಿಟ್ಟಿಸಿ ನೋಡಿದರೆ ಮಾಯವಾಗುತ್ತವೆ. ಸಂತೆಯಲ್ಲಿ ಪರಿಚಯವಿಲ್ಲದವರನ್ನು ನೋಡುವ ಹಾಗೆ ನೋಡಿಯೂ ನೋಡದಂತೆ ಇರಬೇಕು. ಚಿತ್ರ ತಾನೇ ಬಲಿತು, ಅಗಲವಾಗಿ, ಅದರಲ್ಲಿ ನಿಮ್ಮ ಕೈಕಾಲು ಬಂದಾಗ ಒಳಗೆ ಹೋಗಿಯಾಯಿತು ಎಂದರ್ಥ.

ಎದೆ ಜೋರಾಗಿ ಬಡಿದುಕೊಂಡು ಎಚ್ಚರವಾಗಿಬಿಡುತ್ತದೆ. ಏನು ಮಾಡಲಿ?

ಕಂಪನ ಬಂದ ಕೂಡಲೇ "ಬಂತು ಬಂತು!" ಎಂದು ಖುಷಿಪಟ್ಟರೆ ಹೀಗೇ ಆಗುವುದು. ಕೆಲವು ಸಲ ಕಂಡಮೇಲೆ ಆ ಹೊಸತನ ಹೋಗಿ ತಾನೇ ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ಗಮನವನ್ನು ಮೈಯಿಂದ ಬಿಡಿಸಿ ಎಣಿಕೆಗೋ ಚಿತ್ರಕ್ಕೋ ತನ್ನಿ.

ತುರಿಕೆ ಬಂದರೆ? ಎಂಜಲು ನುಂಗಬೇಕು ಅನಿಸಿದರೆ?

ಕೆರೆದುಕೊಳ್ಳಿ, ನುಂಗಿ. ಕಲ್ಲಿನ ಹಾಗೆ ಬಿದ್ದಿರಬೇಕು ಎನ್ನುವುದು ಎಲ್ಲಿಂದ ಬಂತೋ! ದಿನಾ ನಿದ್ದೆ ಮಾಡುವಾಗ ಮಗ್ಗುಲು ಬದಲಿಸುತ್ತಲೇ ನಿದ್ದೆ ಹೋಗುತ್ತೀರಿ, ಅಲ್ವಾ? ಸೊಳ್ಳೆ ಇದ್ದರೆ ಮೊದಲು ಪರದೆ ಕಟ್ಟಿ, ಆಮೇಲೆ ಸಾಧನೆ.

ಮೈ ಕದಲಿಸಲು ಆಗಲಿಲ್ಲ, ಕೋಣೆಯಲ್ಲಿ ಯಾರೋ ಇದ್ದರು. ದೆವ್ವವಾ?

ಅಲ್ಲ. ಆದರೆ ಹೆದರಿಕೆ ನಿಜವಾದದ್ದೇ, ನಗುವ ವಿಷಯವಲ್ಲ.

ಆರ್‌ಇಎಂ ನಿದ್ದೆಯಲ್ಲಿ ಸ್ನಾಯುಗಳು ಸಡಿಲಬಿದ್ದಿರುತ್ತವೆ ಎಂದೆನಲ್ಲ, ಕನಸಿನಲ್ಲಿ ಓಡಿದರೆ ಮಂಚದಿಂದ ಬೀಳದಿರಲಿ ಎಂದು ಮೈ ಮಾಡಿಕೊಂಡ ಏರ್ಪಾಟು ಅದು. ಒಮ್ಮೊಮ್ಮೆ ಎಚ್ಚರ ಮುಂಚೆ ಬಂದು, ಆ ಏರ್ಪಾಟು ಬಿಡುವುದು ತಡವಾಗುತ್ತದೆ. ಕಣ್ಣು ತೆರೆದಿರುತ್ತದೆ, ಫ್ಯಾನ್ ತಿರುಗುವುದು ಕಾಣುತ್ತದೆ, ಕೈ ಎತ್ತಲಾಗುವುದಿಲ್ಲ, ಬೇಕೆಂದಾಗ ದೀರ್ಘವಾಗಿ ಉಸಿರೆಳೆಯಲೂ ಆಗದೆ ಎದೆ ಮೇಲೆ ಭಾರ ಕೂತಂತಾಗುತ್ತದೆ. ಇದೇ ಸ್ಲೀಪ್ ಪ್ಯಾರಾಲಿಸಿಸ್. ಅರ್ಧ ಕನಸಿನಲ್ಲಿರುವ ಮಿದುಳು ಆ ಭಾರಕ್ಕೆ ಒಂದು ಮುಖ ಕೊಡುತ್ತದೆ. ನಮ್ಮ ಕಡೆ ದೆವ್ವ ಎದೆ ಮೇಲೆ ಕೂತಿತ್ತು ಎನ್ನುತ್ತಾರೆ, ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಮುದುಕಿ ಕೂತಿದ್ದಳು ಎನ್ನುತ್ತಾರೆ, ಜಪಾನಿನಲ್ಲಿ ಕನಶಿಬಾರಿ ಎನ್ನುತ್ತಾರೆ. ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು 2011ರಲ್ಲಿ ಲೆಕ್ಕ ಹಾಕಿದಾಗ ಸಾಮಾನ್ಯ ಜನರಲ್ಲಿ ಸುಮಾರು 8% ಮಂದಿಗೆ, ವಿದ್ಯಾರ್ಥಿಗಳಲ್ಲಿ ಸುಮಾರು 28% ಮಂದಿಗೆ ಒಮ್ಮೆಯಾದರೂ ಇದು ಆಗಿತ್ತು. ನಿದ್ದೆಗೆಡುವ ಹಾಸ್ಟೆಲ್ ಬದುಕಿಗೂ ಇದಕ್ಕೂ ನಂಟಿದೆ.

ನೇರ ದಾರಿಯಲ್ಲಿ ಹೋಗುವವರಿಗೆ ಇದು ಎದುರಾಗುವ ಸಂಭವ ಸ್ವಲ್ಪ ಹೆಚ್ಚು. ಆದರೆ ಇದು ಬಂದೇ ಬರಬೇಕು ಎಂಬ ನಿಯಮವಿಲ್ಲ. ಬಂದರೆ ಮೈ ಒದರಲು ಹೋಗಬೇಡಿ, ಹೆದರಿಕೆ ಹೆಚ್ಚುತ್ತದೆ. ಉಸಿರು ತನ್ನಷ್ಟಕ್ಕೆ ನಡೆಯುತ್ತಿದೆ, ಅದನ್ನು ನೋಡಿ. ಒಂದೆರಡು ನಿಮಿಷದಲ್ಲಿ ಬಿಡುತ್ತದೆ. ಹೊರಗೆ ಬರಲೇಬೇಕು ಅನಿಸಿದರೆ ಕಾಲಿನ ಒಂದು ಬೆರಳನ್ನು ಕದಲಿಸಲು ನೋಡಿ, ಅಥವಾ ಕಣ್ಣನ್ನು ಆಡಿಸಿ. ಧೈರ್ಯವಿದ್ದವರು ಕಣ್ಣು ಮುಚ್ಚಿ, ಪಕ್ಕಕ್ಕೆ ಉರುಳಿದಂತೆ ಕಲ್ಪಿಸಿಕೊಂಡರೆ ಅಲ್ಲಿಂದಲೇ ಕನಸಿಗೆ ದಾಟಬಹುದು.

ನಾನು ಮೈಯಿಂದ ಹೊರಗೆ ಬಂದು ಮಂಚದ ಮೇಲೆ ನನ್ನನ್ನೇ ನೋಡಿದೆ. ಅದು ಆತ್ಮಸಂಚಾರ ಅಲ್ವಾ?

ಅನುಭವ ಹಾಗೇ ಇರುತ್ತದೆ, ಒಪ್ಪುತ್ತೇನೆ. ಮೈಯಿಂದ ಹೊರಬಂದಂಥ ಅನುಭವಗಳು ಬೇರೆ ಅರಿವಿನ ಕನಸುಗಳಿಗಿಂತ ಎಚ್ಚರದಿಂದ ಶುರುವಾಗುವವುಗಳಲ್ಲೇ ಜಾಸ್ತಿ ಎಂದು ಲಬರ್ಜ್ ತಂಡವೂ ಕಂಡುಕೊಂಡಿದೆ. ಕಾರಣ ಸರಳ. ಮಲಗಿದ ಕೋಣೆಯೇ ಕೊನೆಯದಾಗಿ ಮನಸ್ಸಿನಲ್ಲಿದ್ದದ್ದು, ಹಾಗಾಗಿ ಕನಸು ಅದೇ ಕೋಣೆಯನ್ನು ಕಟ್ಟುತ್ತದೆ. ನಿಜವಾದ ಮೈಯಿಂದ ಸುದ್ದಿ ಬರುವುದು ನಿಂತಿರುತ್ತದೆ, ಕನಸಿನ ಮೈ ಹಗುರವಾಗಿ ಮೇಲೇಳುತ್ತದೆ. ಗೋಡೆಯ ಕ್ಯಾಲೆಂಡರ್ ಹತ್ತಿರ ಹೋಗಿ ನೋಡಿ. ತಿಂಗಳಿಗೆ ನಲವತ್ತು ದಿನ ಇರಬಹುದು, ಬಾಗಿಲು ತಪ್ಪು ಗೋಡೆಯಲ್ಲಿರಬಹುದು.

ಕನಸಿಗೆ ಬಂದಿದ್ದೇನೆ ಎಂದು ಖಾತ್ರಿ ಹೇಗೆ?

ಮೂಗನ್ನು ಬಿಗಿಯಾಗಿ ಹಿಡಿದು, ಬಾಯಿ ಮುಚ್ಚಿ ಉಸಿರೆಳೆಯಿರಿ. ಉಸಿರು ಬಂದರೆ ಕನಸು. ಯಾವುದಾದರೂ ಬರಹವನ್ನು ಓದಿ, ಕಣ್ಣು ಬೇರೆ ಕಡೆ ಹೊರಳಿಸಿ, ಮತ್ತೆ ಓದಿ. ಕನಸಿನಲ್ಲಿ ಅಕ್ಷರ ಬದಲಾಗಿರುವುದೇ ಹೆಚ್ಚು. ಮುಖ್ಯವಾಗಿ "ಛೆ, ಇವತ್ತೂ ಆಗಲಿಲ್ಲ" ಎಂದು ಎದ್ದು ಕೂತಾಗ ಈ ಪರೀಕ್ಷೆ ಮಾಡಿ. ಎದ್ದು, ಹಲ್ಲುಜ್ಜಿ, ಕಾಫಿಗೆ ಡಿಕಾಕ್ಷನ್ ಹಾಕುವವರೆಗೂ ಕನಸೇ ಆಗಿದ್ದವರುಂಟು.

ಒಳಗೆ ಹೋದ ಮೇಲೆ ಚಿತ್ರ ಮಸುಕಾದರೆ ಅಂಗೈ ಉಜ್ಜಿಕೊಳ್ಳಿ, ಗೋಡೆ ಮುಟ್ಟಿ. ಮೊದಲ ದಿನವೇ ಹಾರಲು ಹೋಗಬೇಡಿ.

ಗ್ಯಾಲಂಟಮೀನ್ ಮಾತ್ರೆ ತಗೊಂಡರೆ ಬೇಗ ಆಗುತ್ತದಂತೆ?

2018ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 121 ಜನರಿದ್ದರು. ಹುಸಿಮಾತ್ರೆ ತಿಂದ ರಾತ್ರಿ 14% ಜನರಿಗೆ, 8 ಮಿಲಿಗ್ರಾಂ ಗ್ಯಾಲಂಟಮೀನ್ ತಿಂದ ರಾತ್ರಿ 42% ಜನರಿಗೆ ಅರಿವಿನ ಕನಸು ಬಿತ್ತು. ಪರಿಣಾಮ ಇದೆ. ಆದರೆ ಅದು ಮರೆವಿನ ಕಾಯಿಲೆ ಆಲ್ಝೈಮರ್‌ಗೆ ವೈದ್ಯರು ಬರೆದುಕೊಡುವ ಔಷಧಿ. ವಾಂತಿ ಬರಿಸುತ್ತದೆ, ಎದೆಬಡಿತ ನಿಧಾನ ಮಾಡುತ್ತದೆ. ಕನಸಿಗಾಗಿ ಅದನ್ನು ನುಂಗಬೇಡಿ. ಇನ್ನು ಮದ್ಯ ಆರ್‌ಇಎಂ ನಿದ್ದೆಯನ್ನು ಅದುಮುತ್ತದೆ, ಶನಿವಾರ ರಾತ್ರಿ ಪಾರ್ಟಿ ಮುಗಿಸಿ ಬಂದು ಇದಕ್ಕೆ ಕೂರಬೇಡಿ.

ಯಾರು ಇದರ ತಂಟೆಗೆ ಹೋಗಬಾರದು?

ಇಲ್ಲದ್ದು ಕಾಣುವ, ಕೇಳುವ ಮಾನಸಿಕ ತೊಂದರೆ ಇದ್ದವರು, ಬೈಪೋಲಾರ್ ಇದ್ದವರು ದೂರ ಇರಬೇಕು. ನಿದ್ದೆಗೆಡುವುದೇ ಅವರಿಗೆ ಅಪಾಯ. ನಿದ್ರಾಹೀನತೆ ಇದ್ದವರಿಗೂ ಬೇಡ. ನಡುರಾತ್ರಿ ಎದ್ದು ಕೂರುವ ಅಭ್ಯಾಸ ಅವರಿಗೆ ಸಿಕ್ಕರೆ ಬಿಡಿಸುವುದು ಕಷ್ಟ. ಹಗಲಿನಲ್ಲಿ ಇದ್ದಕ್ಕಿದ್ದಂತೆ ನಿದ್ದೆ ಎಳೆಯುತ್ತದೆ, ಮಲಗಿದ ಕೂಡಲೇ ಕನಸು ಶುರುವಾಗುತ್ತದೆ, ನಕ್ಕಾಗ ಮಂಡಿ ಕುಸಿಯುತ್ತದೆ ಎನ್ನುವವರು ಇದನ್ನು ವರ ಎಂದುಕೊಳ್ಳದೆ ನಿದ್ದೆಯ ವೈದ್ಯರಿಗೆ ತೋರಿಸಿ, ನಾರ್ಕೊಲೆಪ್ಸಿ ಎಂಬ ನಿದ್ದೆಯ ಕಾಯಿಲೆ ಇರಬಹುದು. ಬೆಳಗ್ಗೆ ಬೇಗ ಬಸ್ಸೋ ಲಾರಿಯೋ ಓಡಿಸಬೇಕಾದವರು ರಜೆಯ ದಿನ ಬಿಟ್ಟು ಬೇರೆ ದಿನ ಮಾಡಲೇಬಾರದು.

ನನ್ನದು ನೈಟ್ ಶಿಫ್ಟ್. ಬೆಳಗ್ಗೆ ಆರಕ್ಕೆ ಮಲಗುತ್ತೇನೆ.

ಒಂದು ಲೆಕ್ಕದಲ್ಲಿ ನಿಮಗೆ ಅನುಕೂಲವೇ. ಮೈಯೊಳಗಿನ ಗಡಿಯಾರ ಬೆಳಗಿನ ಹೊತ್ತಿಗೆ ಆರ್‌ಇಎಂ ಕಡೆ ವಾಲಿರುತ್ತದೆ, ಹಾಗಾಗಿ ನಿಮಗೆ ಕನಸಿನ ನಿದ್ದೆ ಬೇರೆಯವರಿಗಿಂತ ಬೇಗ ಬರಬಹುದು. ಆದರೆ ನಿಮಗೆ ನಿದ್ದೆಯ ಸಾಲ ಇದ್ದೇ ಇರುತ್ತದೆ. ಮೊದಲು ಅದನ್ನು ತೀರಿಸಿ. ವಾರದ ರಜೆಯಲ್ಲಿ, ಚೆನ್ನಾಗಿ ಮಲಗಿ ಎದ್ದು, ಒಂದೆರಡು ಗಂಟೆ ಬಿಟ್ಟು ಮತ್ತೊಂದು ಸಣ್ಣ ನಿದ್ದೆ ಮಾಡುವಾಗ ಪ್ರಯತ್ನಿಸಿ. ಹಬ್ಬದೂಟದ ನಂತರದ ಮಧ್ಯಾಹ್ನದ ನಿದ್ದೆ ಇದಕ್ಕೆ ಅಷ್ಟು ಒದಗುವುದಿಲ್ಲ, ಬೆಳಗಿನ ಹತ್ತರ ನಿದ್ದೆ ಒದಗುತ್ತದೆ.

ಎಷ್ಟು ಪ್ರಯತ್ನಿಸಿದರೂ ನಿದ್ದೆಯೇ ಬರುವುದಿಲ್ಲ, ಅಥವಾ ಪೂರ್ತಿ ನಿದ್ದೆಯೇ ಬಂದುಬಿಡುತ್ತದೆ.

ಮೊದಲನೆಯದಾದರೆ ನಿಮ್ಮ ಎಣಿಕೆ ತೀರಾ ಬಿಗಿಯಾಗಿದೆ. ಸಡಿಲ ಮಾಡಿ, ಮಗ್ಗುಲಾಗಿ ಮಲಗಿ, ಎದ್ದಿರುವ ಹೊತ್ತನ್ನು ಕಡಿಮೆ ಮಾಡಿ. ಇಪ್ಪತ್ತು ನಿಮಿಷ ಕಳೆದರೂ ಏನೂ ಇಲ್ಲವೆಂದರೆ ಅವತ್ತಿಗೆ ಬಿಟ್ಟು ಸುಮ್ನೆ ಮಲಗಿಬಿಡಿ. ತಮಾಷೆಯೆಂದರೆ, ಬಿಟ್ಟು ಮಲಗಿದಾಗಲೇ ಎಷ್ಟೋ ಸಲ ಆಗಿಬಿಡುತ್ತದೆ.

ಎರಡನೆಯದಾದರೆ ಎದ್ದಿರುವ ಹೊತ್ತನ್ನು ಹೆಚ್ಚಿಸಿ, ಅಂಗಾತ ಮಲಗಿ. ಮೊಣಕೈ ಊರಿ ಮುಂಗೈ ಮೇಲೆತ್ತಿ ಇಟ್ಟುಕೊಂಡರೆ ನಿದ್ದೆ ಹತ್ತುವಾಗ ಕೈ ಬಿದ್ದು ಎಚ್ಚರಿಸುತ್ತದೆ. ಎರಡೂ ಹೊಂದದಿದ್ದರೆ ಹಟ ಬೇಡ. ಮಲಗುವಾಗ "ಮುಂದಿನ ಸಲ ಕನಸು ಬಿದ್ದಾಗ ಅದು ಕನಸೆಂದು ನೆನಪಿಸಿಕೊಳ್ಳುತ್ತೇನೆ" ಎಂದು ಅರ್ಥ ಮಾಡಿಕೊಂಡು ಹೇಳಿ ನಿದ್ದೆ ಹೋಗಿ. 2017ರ ಒಂದು ಅಧ್ಯಯನದಲ್ಲಿ, ಬೆಳಗಿನ ಜಾವ ಹೀಗೆ ಹೇಳಿಕೊಂಡು ಐದು ನಿಮಿಷದೊಳಗೆ ನಿದ್ದೆ ಹೋದವರಿಗೆ ಸುಮಾರು 46% ಸಲ ಅರಿವಿನ ಕನಸು ಬಿದ್ದಿತ್ತು. ಬಾಗಿಲು ಯಾವುದಾದರೇನು, ಅಜ್ಜಿಯ ರೊಟ್ಟಿ ಸಿಕ್ಕರಾಯಿತು.

ಒಂದೇ ಕೋಣೆಯಲ್ಲಿ ಮನೆಯವರೆಲ್ಲ ಮಲಗುತ್ತೇವೆ. ನಾಲ್ಕೂವರೆಗೆ ಅಲಾರಂ ಇಟ್ಟರೆ ಬೈಸಿಕೊಳ್ಳಬೇಕಾಗುತ್ತದೆ.

ಕೈಗೆ ಕಟ್ಟುವ ಸ್ಮಾರ್ಟ್‌ವಾಚ್ ಇದ್ದರೆ ಅದರ ಕಂಪನದ ಅಲಾರಂ ಇಡಿ, ಬೇರೆಯವರಿಗೆ ಕೇಳುವುದಿಲ್ಲ. ಇಲ್ಲದಿದ್ದರೆ ಮಲಗುವ ಮುಂಚೆ ಒಂದು ದೊಡ್ಡ ಲೋಟ ನೀರು ಕುಡಿಯಿರಿ, ಮೈಯೇ ಎಬ್ಬಿಸುತ್ತದೆ. ಪಕ್ಕದಲ್ಲಿ ಮಲಗುವವರಿಗೆ ಮೊದಲೇ ಒಂದು ಮಾತು ಹೇಳಿಡಿ: "ಬೆಳಗ್ಗೆ ನಾನು ವಿಚಿತ್ರವಾಗಿ ಉಸಿರಾಡುತ್ತಿದ್ದರೆ, ಗೊಣಗಿದರೆ ಭುಜ ತಟ್ಟು." ಸ್ಲೀಪ್ ಪ್ಯಾರಾಲಿಸಿಸ್ ಬಂದವರಿಗೆ ಯಾರಾದರೂ ಮುಟ್ಟಿದರೆ ತಟ್ಟನೆ ಬಿಡುತ್ತದೆ. ಐದೂವರೆಗೆ ಪಕ್ಕದ ಮನೆಯ ಮಿಕ್ಸಿ ಶುರುವಾಗುವ ಕಡೆ ಇರುವವರು ಕಿವಿಗೆ ಹತ್ತಿ ಇಟ್ಟುಕೊಳ್ಳಿ, ಅಥವಾ ಫ್ಯಾನನ್ನು ಒಂದು ನಂಬರ್ ಜಾಸ್ತಿ ಮಾಡಿ.